ಅತ್ತೆಯ ಹೆಸರು ಕರೆದದ್ದು

ಬೇರೆಯವರ ಮನೆಯಂಗಳದ ಮಾತನ್ನು ಎತ್ತಿ ಆಡುವುದು ತಪ್ಪು. ಅದನ್ನು ಸರಿಯಾಗಿ ಹೇಳಲು ನನಗೆ ಬರುತ್ತದೆಂಬ ಧೈರ್ಯವೂ ಇಲ್ಲ. ಎಲ್ಲಾದರೂ ಎಡವಿದರೆ ಕ್ಷಮಿಸಬೇಕು.

ನಾರಿನ್ ಕಣಿವೆಯ ನಮ್ಮ ಹಳ್ಳಿಯಲ್ಲಿ ಮೀರಿಮ್ ಎಂಬ ಸೊಸೆಯನ್ನು ತವರಿಗೆ ಅಟ್ಟುವುದೆಂದು ತೀರ್ಮಾನವಾಗಿತ್ತು. ದುಡಿಯಲು ರಷ್ಯಾಕ್ಕೆ ಹೋದ ಗಂಡ ತೆಮಿರ್ಲಾನ್ ಹುಲ್ಲು ಕೊಯ್ಲಿನ ಕಾಲದಿಂದ ಫೋನು ಮಾಡಿರಲಿಲ್ಲ. ಅಲ್ಲಿ ಇನ್ನೊಬ್ಬಳಿದ್ದಾಳೆಂದು ಊರೆಲ್ಲ ಗುಸುಗುಸು.

"ಗಂಡನ್ನ ಹಿಡಿದಿಟ್ಕೊಳ್ಳಕ್ಕೆ ಬರದವಳು ನಂಗ್ಯಾಕೆ? ನೌರುಜ್ ಹಬ್ಬ ಮುಗಿದ್ಮೇಲೆ ನಿಮ್ಮಣ್ಣ ಬಂದು ಕರ್ಕೊಂಡು ಹೋಗ್ಲಿ. ಮಗು ನಮ್ದು, ಇಲ್ಲೇ ಇರತ್ತೆ," ಎಂದಿದ್ದಳು ಅತ್ತೆ.

ಮಗು ಐಪೆರಿ ಆಗಷ್ಟೇ ಮಾತು ಕಲಿಯುತ್ತಿತ್ತು. ಅದನ್ನು ಬಿಟ್ಟು ಹೋಗುವುದನ್ನು ನೆನೆದರೆ ಮೀರಿಮ್‌ಳಿಗೆ ಕಂಕುಳಿಂದ ಅದನ್ನು ಇಳಿಸಲೇ ಮನಸ್ಸಾಗುತ್ತಿರಲಿಲ್ಲ.

ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ನಿಮ್ಮನ್ನು ನೀವೇ ತಿದ್ದಿಕೊಳ್ಳಿ, ಲೋಕ ತಾನಾಗಿ ತಿದ್ದಿಕೊಳ್ಳುತ್ತದೆ ಎಂದು ಫೋನಿನ ವಿಡಿಯೋಗಳಲ್ಲಿ ಉಪದೇಶಿಸುವ ಮಾಸ್ತರೊಬ್ಬ ಅವಳಿಗೆ ಸಿಕ್ಕಿದ. ಹಸು ಕರೆಯುವಾಗ ತಲೆವಸ್ತ್ರದೊಳಗೆ ಫೋನು ಸಿಕ್ಕಿಸಿಕೊಂಡು ಕೇಳುವಳು, ಕೇಳಿದ್ದನ್ನು ಅಂದೇ ಮಾಡಿ ನೋಡುವಳು.

ಸದಾ ನಗುತ್ತಿರಿ ಎಂದ. ನಕ್ಕಳು.

"ಗಂಡ ಓಡಿಹೋಗಿದಾನೆ, ಇವಳಿಗೆ ನಗು!" ಎಂದಳು ಅತ್ತೆ.

ಎದುರಿನವರನ್ನು ಮನಸಾರೆ ಹೊಗಳಿ ಎಂದ. ಅತ್ತೆ ಮಾಡಿದ ರೊಟ್ಟಿ ಚೆನ್ನಾಗಿದೆ ಎಂದಳು.

"ಹಾಗಾದ್ರೆ ನಿನ್ನೆ ಮಾಡಿದ್ದು ಚೆನ್ನಾಗಿರ್ಲಿಲ್ವಾ?"

ಕೊನೆಗೆ ಉಳಿದದ್ದು ಒಂದೇ ಪಾಠ: ಎದುರಿನವರನ್ನು ಹೆಸರು ಹಿಡಿದು ಕರೆಯಿರಿ, ಎಂಥ ಮುಚ್ಚಿದ ಮನಸ್ಸೂ ತೆರೆಯುತ್ತದೆ.

ಸೊಸೆಯಾದವಳು ಅತ್ತೆ ಮಾವಂದಿರ ಹೆಸರೆತ್ತುವಂತಿಲ್ಲ, ಅವರು ಸತ್ತ ಮೇಲೂ ಇಲ್ಲ. ಮೀರಿಮ್‌ಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಹಬ್ಬ ಮುಗಿದಿತ್ತು. ಅಣ್ಣ ಕಾರು ಹತ್ತಿ ಆಗಲೇ ಹೊರಟಿದ್ದ.

ಆ ಬೆಳಿಗ್ಗೆ ಅತ್ತೆ ಸೊಸೆ ಅಂಗಳದಲ್ಲಿ ಎದುರುಬದುರು ಕೂತು ಕಂಬಳಿಯ ಉಣ್ಣೆಯನ್ನು ಕೋಲಿನಿಂದ ಬಡಿಯುತ್ತಿದ್ದರು. ಅವಳದೊಂದು ಏಟು, ಇವಳದೊಂದು ಏಟು. ಮಾತಿಲ್ಲದವರ ನಡುವೆಯೂ ಲಯ ತಪ್ಪಿರಲಿಲ್ಲ. ಪಕ್ಕದ ಮನೆಯ ಜಮಾಲ್ ಉಣ್ಣೆ ಬಿಡಿಸುತ್ತಿದ್ದಳು. ಮಗು ಅಜ್ಜಿಯ ಬೆನ್ನಿಗೆ ಜೋತುಬಿದ್ದಿತ್ತು.

ಮೀರಿಮ್ ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ತೆರೆದಳು.

"ಬುರುಲ್ಚಾ."

ಅತ್ತೆಯ ಕೋಲು ಮೇಲೆತ್ತಿದಲ್ಲೇ ನಿಂತಿತು.

"ಅಯ್ಯೋ, ನಿನ್ನ ನಾಲಿಗೆ ಸೇದಿಹೋಗ!" ಜಮಾಲ್ ಕೈಯ ಉಣ್ಣೆ ಬಿಟ್ಟು ಎದ್ದಳು. "ತಲೆ ಕೆಟ್ಟಿದ್ಯೇನೆ? ನಾನು ಮುದುಕಿಯಾದ್ರೂ ನಮ್ಮತ್ತೆ ಹೆಸರು ಕನಸಲ್ಲೂ ಹೇಳಿಲ್ಲ!"

"ಯಾರು ಹೇಳ್ಕೊಟ್ರು?" ಅತ್ತೆಯ ದನಿ ಬಹಳ ತಗ್ಗಿತ್ತು.

"ಫೋನಲ್ಲಿ... ಒಬ್ಬ ಮಾಸ್ತರು, ಅಪಾ. ಹೆಸರು ಹಿಡಿದು ಕರೆದ್ರೆ..." ತಾಯಿಗೆ ಹೇಳುವ 'ಅಪಾ' ಎಂಬ ಹಳೆಯ ಕರೆಗೇ ಮೀರಿಮ್ ಮರಳಿದ್ದಳು. "ನನ್ನ ಕಳಿಸ್ಬೇಡಿ, ಅಪಾ. ಕೊಟ್ಟಿಗೇಲಿ ಮಲಗ್ತೀನಿ. ಮಗು ಒಂದನ್ನ ಕಿತ್ಕೋಬೇಡಿ."

ಅತ್ತೆ ಕೋಲು ಎಸೆದು ಎದ್ದಳು. ಮಗುವನ್ನೆತ್ತಿಕೊಂಡು ಒಳಗೆ ಹೋಗಿ ಅಗುಳಿ ಹಾಕಿದಳು.

ಮೀರಿಮ್ ಬಾಗಿಲ ಬಳಿ ಕುಸಿದಳು. ಒಳಗಿನಿಂದ ಮಗುವಿನ ತೊದಲು ಕೇಳಿಸಿತು: "ಬುಲುಚ್ಚಾ... ಬುಲುಚ್ಚಾ..." ಅದನ್ನು ಯಾರೂ ಗದರಲಿಲ್ಲ.

ಅಣ್ಣನ ಕಾರು ಬಂದು ನಿಂತಿತು. ಅವನು ಸಲಾಮು ಹೇಳುವ ಮೊದಲೇ ಬಾಗಿಲು ತೆರೆಯಿತು.

"ಬಂದ್ಯಾ? ಬಾ, ಚಹಾ ಕುಡಿದು ಹೋಗು. ಒಬ್ನೇ ಹೋಗು," ಎಂದಳು ಅತ್ತೆ. "ನಿನ್ನ ತಂಗಿ ನನ್ನೆದುರೇ ನನ್ನ ಹೆಸರು ಹೇಳಿದ್ಳು. ಇಂಥವಳನ್ನ ಈಗ ವಾಪಸ್ ಕಳಿಸಿದ್ರೆ ಜನ ಯಾರನ್ನ ಆಡ್ಕೋತಾರೆ? ಸೊಸೆಗೆ ನಡತೆ ಕಲಿಸ್ದೇ ಇದ್ದವಳು ಅಂತ ನನ್ನನ್ನ! ಕಲೀಲಿ. ಕಲಿಯೋವರ್ಗೂ ಇಲ್ಲೇ ಬಿದ್ದಿರ್ಲಿ."

ಮೀರಿಮ್ ಒಳಗೆ ಓಡಿಹೋಗಿ ಮಗುವನ್ನು ಎದೆಗವಚಿಕೊಂಡಳು.

"ಅಲ್ಲೇನ್ ನಿಂತೆ? ಉಣ್ಣೆ ಗಾಳಿಗೆ ಹಾರ್ತಿದೆ!" ಎಂದಳು ಅತ್ತೆ.

ಮತ್ತೆ ಇಬ್ಬರೂ ಕೋಲು ಹಿಡಿದು ಕೂತರು.

ತೆಮಿರ್ಲಾನ್ ಇವತ್ತಿಗೂ ಫೋನು ಮಾಡಿಲ್ಲ. ಅತ್ತೆಯ ಮನಸ್ಸನ್ನು ತಿರುಗಿಸಿದ್ದು ಹೆಸರೋ, ಊರವರ ಬಾಯಿಯ ಭಯವೋ; ಅಗುಳಿಯ ಹಿಂದೆ ಮಗು ತೊದಲುತ್ತಿದ್ದಾಗ ಆ ಮುದುಕಿ ಅತ್ತಳೋ, ಹಲ್ಲು ಕಚ್ಚಿ ಕೂತಿದ್ದಳೋ, ನನಗೆ ತಿಳಿಯದು. ಮೀರಿಮ್ ಕಲಿತದ್ದು ಸಾಕೆಂದು ಅವಳು ಯಾವಾಗ ಹೇಳುತ್ತಾಳೆ ಎಂಬುದೂ ತಿಳಿಯದು.