ಬಾಣಂತಿಯರ ಬೆಳಕಿಂಡಿ

ಬೆಳಕನ್ನು ಭಗವಂತ ಯಾರಿಗೂ ಅಳೆದು ಕೊಟ್ಟವನಲ್ಲ. ಅದು ಒಳಗೆ ಬರಲು ದಾರಿ ಬಿಡುವುದಷ್ಟೇ ನಮ್ಮ ಪಾಲಿನ ಕೆಲಸ. ಈ ಕಥೆಯ ಹೆಣ್ಣುಮಗಳು ಅದನ್ನೇ ಕಲಿತು ಬಂದಿದ್ದಳು. ಕಟ್ಟಡಗಳ ನಕ್ಷೆ ಬರೆಯುವ ಆರ್ಕಿಟೆಕ್ಟ್. ಹೊತ್ತು ಗೊತ್ತಿಲ್ಲದೆ ಮೇಜಿಗೆ ಬಾಗಿ ಗೆರೆ ಎಳೆಯುತ್ತಿದ್ದ ಸೊಸೆಯನ್ನು ಅತ್ತೆ ಅರ್ಧ ಅಕ್ಕರೆ, ಅರ್ಧ ಸಿಡುಕಿನಿಂದ ‘ಗೆರೆಯಮ್ಮ’ ಎನ್ನುತ್ತಿದ್ದರು. “ಗೆರೆಯಮ್ಮನ ಗೆರೆ ಮುಗಿದಿದ್ರೆ ಊಟಕ್ಕೆ ಬರ್ಲಿ.”

ದೊಡ್ಡ ಕಚೇರಿಯಲ್ಲಿದ್ದಷ್ಟು ಕಾಲ ಅವಳಿಗೆ ದಕ್ಕಿದ್ದು ಬೇರೆಯವರ ಕಟ್ಟಡಗಳ ಬಚ್ಚಲು, ಅಡುಗೆಮನೆ. ಅದನ್ನು ಬಿಟ್ಟು, ಮನೆಯ ಮುಂದಿನ ಕೋಣೆಗೆ ತನ್ನದೇ ಬೋರ್ಡು ಹಾಕಿದ ಮೇಲೆ ಸಿಕ್ಕ ಮೊದಲ ಇಡೀ ಕಟ್ಟಡ ಒಂದು ಹೆರಿಗೆ ಆಸ್ಪತ್ರೆ. “ಹೆಂಗಸರ ಆಸ್ಪತ್ರೆ, ಹೆಂಗಸೇ ಬರೀಲಿ” ಎಂದು ಡಾಕ್ಟರಮ್ಮ ಹುಡುಕಿಕೊಂಡು ಬಂದಿದ್ದರು. ಅದು ಬರೆದಂತೆ ಎದ್ದು ನಿಂತರೆ ಅವಳ ಕೈ ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ಇಲ್ಲವಾದರೆ ಮತ್ತೆ ಬಚ್ಚಲೇ ಗತಿ.

ನಕ್ಷೆಯ ಜೀವವಿದ್ದದ್ದು ಬಾಣಂತಿಯರ ವಾರ್ಡಿನ ಬೆಳಕಿಂಡಿಯಲ್ಲಿ. ಮಗಳು ಹುಟ್ಟಿದಾಗ ಅವಳು ಹಗಲೋ ರಾತ್ರಿಯೋ ತಿಳಿಯದ ಕೋಣೆಯಲ್ಲಿ ಮಲಗಿದ್ದಳು. ಇಲ್ಲಿಯೂ ಸುತ್ತಲ ಕಟ್ಟಡಗಳು ಒತ್ತಿಕೊಂಡಿದ್ದವು. ಉಳಿದ ದಾರಿ ಆಕಾಶವೊಂದೇ. ಚಾವಣಿಯ ನಡುವೆ ಉದ್ದಕ್ಕೆ ತೆರಪು ಬಿಟ್ಟು ಗಾಜು ಹೊದಿಸಿ, ಬೆಳಗಿನ ಬೆಳಕು ಮಲಗಿದವರ ಕಣ್ಣಿಗೆ ಚುಚ್ಚದೆ ಗೋಡೆಗೆ ತಾಗಿ ಮೆಲ್ಲಗೆ ತೊಟ್ಟಿಲಿಗಿಳಿಯುವ ಹಾಗೆ ಬರೆದಳು.

ಕೆಲಸ ಶುರುವಾಯಿತು. ಅವಳು ಕೇಳಿದ ಪ್ರಶ್ನೆಗೆ ಕಂಟ್ರಾಕ್ಟರ್ ಉತ್ತರವನ್ನು ಅವಳ ಗಂಡನಿಗೆ ಕೊಡುತ್ತಿದ್ದ. ಗಂಡ ಶಾಲೆಯ ಮೇಷ್ಟ್ರು. ಬಿಸಿಲೆಂದು ಹೆಂಡತಿಗೆ ಕೊಡೆ ಹಿಡಿಯಲು ಬಂದವರು.

“ಈ ಗೋಡೆ ಓರೆಯಾಗಿದೆ, ಒಡೆದು ಕಟ್ಟಿ” ಎಂದಳು.

“ಏನ್ ಸಾರ್, ಒಡೀಬೇಕಾ?” ಎಂದ ಅವನು, ಕೊಡೆಯತ್ತ ತಿರುಗಿ.

“ಒಡೀರಿ” ಎಂದರು ಮೇಷ್ಟ್ರು. ಗೋಡೆ ಬಿತ್ತು.

ಮನೆಗೆ ಬಂದು ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. “ಮಾತು ನಿಂದು, ಗಂಟಲು ನಂದು. ಕೊನೇ ಬೆಂಚಿಗೂ ಮುಟ್ಟೋ ಗಂಟಲು ಕಣೇ!” ಅಲ್ಲಿಂದಾಚೆ ಅದೇ ಪದ್ಧತಿಯಾಯಿತು. ಅವಳು ಮೆಲ್ಲಗೆ ಹೇಳುವಳು, ಅವರು ಗಟ್ಟಿಯಾಗಿ ಹೇಳುವರು. ಕೆಲಸ ಸರಸರನೆ ಸಾಗಿತು.

ಚಾವಣಿಗೆ ಕಾಂಕ್ರೀಟು ಬೀಳುವ ಹಿಂದಿನ ದಿನ ಮಗಳ ಮೈ ಕೆಂಡದಂತೆ ಸುಡುತ್ತಿತ್ತು. ಮೇಷ್ಟ್ರೊಬ್ಬರೇ ಹೋದರು. ಕಂಟ್ರಾಕ್ಟರ್ ಕಂಬಿ ತೋರಿಸುತ್ತ ಪುರಾಣ ಬಿಚ್ಚಿದ.

“ಸಾರ್, ಈ ಕಿಂಡಿ ಇದೆಯಲ್ಲ, ಮಳೆ ಬಂದ್ರೆ ಸೋರುತ್ತೆ.”

“ಹೂಂ.”

“ಆಮೇಲೆ ಎಲ್ರೂ ಉಗಿಯೋದು ನನಗೇ.”

“ಹೂಂ.”

“ಕಂಬಿ ಎಳೆದು ಪೂರಾ ಮುಚ್ಚಿಬಿಡ್ತೀನಿ. ತಲೆನೋವೇ ಇರಲ್ಲ.”

“ಹೂಂ.”

ಮಕ್ಕಳ ಚಾಡಿ ಕೇಳಿ ಕೇಳಿ ಮೇಷ್ಟ್ರಿಗೆ ಅಂಟಿದ ಹೂಂ ಅದು. ಕಥೆ ಹೇಳುವವನಿಗೆ ಎದುರು ಕೂತವರು ಹೂಂಗುಟ್ಟುವುದಿಲ್ಲವೇ, ಹಾಗೆ. ಕಿವಿ ಇಲ್ಲಿದೆ, ಮುಂದೆ ಹೇಳು ಎಂದಷ್ಟೇ ಅದರ ಅರ್ಥ. ಮನಸ್ಸು ಜ್ವರದ ಮಗುವಿನ ಬಳಿಯಿತ್ತು. ಕಂಟ್ರಾಕ್ಟರ್ ಅದನ್ನು ಅಪ್ಪಣೆ ಎಂದುಕೊಂಡ. ಜ್ವರ ಇಳಿದು ಅವಳು ಹೋಗುವಷ್ಟರಲ್ಲಿ ಚಾವಣಿ ಕಲ್ಲಾಗಿತ್ತು.

“ನೀವು ಹೂಂ ಅಂದ್ರಾ?”

“ಕೇಳಿಸ್ಕೊಳ್ತಿದೀನಿ ಅಂತ ಅಂದೆ ಕಣೇ…” ಮೇಷ್ಟ್ರು ಚಾವಣಿಯತ್ತ ಕೈ ತೋರಿದರು. “ಕೊರೆಸಿಬಿಡೋಣ.”

“ಇಡೀ ಚಾವಣಿಯ ಭಾರ ಈಗ ಆ ಕಂಬಿಗಳ ಮೇಲೇ ಕೂತಿದೆ. ಕೊರೆದ್ರೆ ಬೀಳುತ್ತೆ.”

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎದೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ.

ಚಾವಣಿ ಕೆಡವಿ ಮತ್ತೆ ಹಾಕಿಸಿ ಎಂದು ಡಾಕ್ಟರಮ್ಮನನ್ನು ಬೇಡಿಕೊಂಡಳು. ಅವರು ಹುಬ್ಬೇರಿಸಿದರು. “ನಿಮ್ಮನೆಯವರೇ ಒಪ್ಪಿದ್ರಂತಲ್ಲ? ಗಂಡ ಹೆಂಡ್ತಿ ಅಂದ್ಮೇಲೆ ಇಬ್ಬರದೂ ಒಂದೇ ಮಾತಲ್ವಾ?”

“ನಿಮ್ಮ ಪೇಷೆಂಟಿಗೆ ನಿಮ್ಮನೆಯವರು ಹೊಲಿಗೆ ಹಾಕಬಹುದಾ ಡಾಕ್ಟ್ರೇ?”

ಡಾಕ್ಟರಮ್ಮ ಮೃದುವಾಗಿಯೇ ಕೇಳಿದರು: “ಇಲ್ಲಮ್ಮ. ನಾನು ಯಾವತ್ತೂ ಅವರ ಕೈಗೆ ಸೂಜಿ ಕೊಟ್ಟಿಲ್ಲ. ನೀವ್ಯಾಕೆ ಕೊಟ್ರಿ?”

ಅವಳು ನಕ್ಷೆ ಸುತ್ತಿಕೊಂಡು ಎದ್ದು ಬಂದಳು. ಚಾವಣಿ ಹಾಗೇ ಉಳಿಯಿತು.

ವಾರ್ಡಿನೊಳಗೆ ನಡುಹಗಲಲ್ಲೇ ಮಬ್ಬು ಕವಿದಿತ್ತು. ಸುಣ್ಣದ ಹಸಿ ವಾಸನೆ. ಏಣಿ ಹತ್ತಿದ್ದ ಎಲೆಕ್ಟ್ರಿಷಿಯನ್ ಅಲ್ಲಿಂದಲೇ ಕೂಗಿದ. “ಸಾರ್, ಲೈಟು ಎಲ್ಲಿ ಕೂರಿಸ್ಲಿ?”

“ನನ್ನನ್ನ ಕೇಳಬೇಡಪ್ಪಾ” ಎಂದರು ಮೇಷ್ಟ್ರು, ನೆಲ ನೋಡುತ್ತ. “ಕಟ್ಟಡ ಇವರದು. ಇವರನ್ನ ಕೇಳು.”

“ಹೇಳಿ ಮೇಡಂ.”

ಆ ಕಟ್ಟಡದ ಕೆಲಸದವರಲ್ಲಿ ಯಾರಾದರೂ ಅವಳ ಮುಖ ನೋಡಿ ಆಡಿದ ಮೊದಲ ಮಾತು ಅದು. ಆಕಾಶ ಇರಬೇಕಾಗಿದ್ದ ಜಾಗವನ್ನು ನೋಡುತ್ತ ಅವಳು ಏನೋ ಅಂದಳು.

“ಜೋರಾಗಿ ಹೇಳಿ ಮೇಡಂ, ಇಲ್ಲಿಗೆ ಕೇಳಿಸ್ತಿಲ್ಲ.”

“ನಡುಮಧ್ಯೆ” ಎಂದಳು ಗಟ್ಟಿಯಾಗಿ. “ಉದ್ದಕ್ಕೂ ಹಾಕಿ. ಹಗಲೂ ಉರೀಬೇಕು.”