ಮೊಳೆಯಿಲ್ಲದ ಟೈರು

ಸ್ವೀಡನ್ನಿನ ಸೋಲ್ನಾ ಊರಿನಲ್ಲಿದ್ದ ಶ್ರೀನಾಥನಿಗೆ ಒಂದು ಸಾಮಾನು ಕೊಳ್ಳುವುದೆಂದರೆ ಮನೆಮಗಳಿಗೆ ಗಂಡು ಹುಡುಕಿದಷ್ಟು ಕೆಲಸ. ಒಂದು ಟೋಸ್ಟರ್ ತರುವುದಕ್ಕೇ ಎರಡು ವಾರ ಓದಿದವನು, ಇನ್ನು ಕಾರಿನ ಟೈರು ಅಂದರೆ ಸುಮ್ಮನೆ ಬಿಡುತ್ತಾನೆಯೇ? 2009ರ ದಸರೆಗೆ ಶುರುವಾದ ಓದು ದೀಪಾವಳಿ ಕಳೆದರೂ ನಿಲ್ಲಲಿಲ್ಲ. ಜರ್ಮನ್ ಪತ್ರಿಕೆಯವರು ಮಾಡಿದ ಪರೀಕ್ಷೆಗಳು, ಇಂಟರ್ನೆಟ್ಟಿನಲ್ಲಿ ಗುರುತು ಪರಿಚಯವಿಲ್ಲದವರು ಆಡಿದ ಜಗಳಗಳು, ಎಲ್ಲವೂ ಸಾರನ್ನದ ತಟ್ಟೆಯ ಮುಂದೆ ಬಂದು ಕೂರುತ್ತಿದ್ದವು. ಹೆಂಡತಿ ಇಂದುಮತಿ ಹೂಂಗುಟ್ಟುತ್ತ ಬಡಿಸುತ್ತಿದ್ದಳು.

ಸ್ವೀಡನ್ನಿನಲ್ಲಿ ಚಳಿಗಾಲ ಬಂತೆಂದರೆ ಬೇಸಿಗೆಯ ಟೈರು ಬಿಚ್ಚಿ ಹಿಮದ ಟೈರು ಹಾಕಲೇಬೇಕು, ಕಾನೂನೇ ಹಾಗಿದೆ. ಅದರಲ್ಲಿ ಎರಡು ಜಾತಿ. ಸುತ್ತಲೂ ಸಣ್ಣ ಸಣ್ಣ ಉಕ್ಕಿನ ಮೊಳೆ ಕೂರಿಸಿದ್ದು ಒಂದು, ಮೊಳೆಯಿಲ್ಲದೆ ಬರೀ ರಬ್ಬರಿನ ಹಿಡಿತವನ್ನೇ ನಂಬಿದ್ದು ಇನ್ನೊಂದು. ಫೆಬ್ರವರಿ ರಜೆಯಲ್ಲಿ ಬೆಟ್ಟಕ್ಕೆ ಹೋಗುವುದಿದೆಯಲ್ಲ, ಮೊಳೆಯದ್ದೇ ತೆಗೆದುಕೊಳ್ಳೋಣ ಎಂದು ಇಂದುಮತಿ ಒಂದು ಸಲ ಹೇಳಿ ನೋಡಿದಳು. ಶ್ರೀನಾಥ ಅರ್ಧ ಗಂಟೆ ಪಾಠ ಮಾಡಿದ. ಮೊಳೆ ಟೈರು ಗರಗರ ಸದ್ದು ಮಾಡುತ್ತದೆ, ರಸ್ತೆ ಕೆರೆದು ಧೂಳೆಬ್ಬಿಸುತ್ತದೆ, ಹೊಸ ವರ್ಷದಿಂದ ತನ್ನ ಆಫೀಸಿರುವ ಬೀದಿಯಲ್ಲಿ ಅದಕ್ಕೆ ನಿಷೇಧ ಬೇರೆ. ಕೊನೆಗೆ ಅವನು ತಂದದ್ದು ಮೊಳೆಯಿಲ್ಲದ್ದು. ಅದರಲ್ಲೂ ಜರ್ಮನಿಯ ಮಳೆ, ಕೆಸರುಹಿಮಕ್ಕೆಂದು ಮಾಡಿದ, ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡುವ ಟೈರು. ತಂದದ್ದಷ್ಟೇ ಅಲ್ಲ, ಚಳಿಗಾಲದ ಟೈರು ಆರಿಸುವುದು ಹೇಗೆ ಎಂದು ಕನ್ನಡ ಕೂಟದವರಿಗೆಲ್ಲ ಉದ್ದದ ಮೇಲ್ ಬರೆದ. ಕೂಟದ ಗೆಳೆಯ ಸಂದೀಪ್ ಅದನ್ನು ಓದಿ ಅದೇ ಟೈರು ಹಾಕಿಸಿದ. ಅವರೆಲ್ಲರಿಗಿಂತ ಹಿರಿಯರಾದ ವೆಂಕಟರಮಣ ಕೂಡ ಹಾಕಿಸಿದರು. ಅಂದಿನಿಂದ ಸಂದೀಪ್ ಬಾಯಲ್ಲಿ ಶ್ರೀನಾಥ ‘ಟೈರ್ ಗುರು’ ಆದ.

ಎಲ್ಲ ಸರಿ. ಒಂದೇ ಒಂದು ಕೊರತೆ. ಗುರುವಿಗೆ ಕಾರು ಓಡಿಸುವ ಲೈಸೆನ್ಸ್ ಇರಲಿಲ್ಲ.

ಬೆಂಗಳೂರಿನ ಲೈಸೆನ್ಸ್ ಇಲ್ಲಿ ನಡೆಯುವುದು ಒಂದು ವರ್ಷ ಮಾತ್ರ. ಆಮೇಲೆ ಇಲ್ಲಿಯದೇ ಪರೀಕ್ಷೆ ಪಾಸಾಗಬೇಕು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಹತ್ತು ವರ್ಷ ನುಗ್ಗಿದವನಿಗೆ ಇದೆಂಥ ಪರೀಕ್ಷೆ ಎಂದು ಜಂಭದಿಂದ ಹೋದವನು, ಬಲಗಡೆಯಿಂದ ಬಂದ ಕಾರಿಗೆ ದಾರಿ ಬಿಡದೆ ಮೊದಲ ಸಲ ಫೇಲಾದ. ಎರಡನೆಯ ಸಲ ಹೆದ್ದಾರಿಗೆ ಹೆದರಿ ಹೆದರಿ ಹತ್ತಿ ಫೇಲಾದ. ಇಂದುಮತಿ ಊರಿನಲ್ಲಿ ಸ್ಕೂಟಿ ಬಿಟ್ಟರೆ ಏನನ್ನೂ ಮುಟ್ಟಿದವಳಲ್ಲ, ಅವಳು ಮೊದಲ ಸಲಕ್ಕೇ ಪಾಸಾದಳು. ಕಲಿಯುವವರ ಕಾರನ್ನು ಬೇಕೆಂದೇ ಜಾರಿಸುವ ತರಬೇತಿ ಟ್ರ್ಯಾಕಿನಲ್ಲಿ ಕಾರು ಸುತ್ತಿದಾಗ ಅವಳಿಗೆ ನಗು ಬಂದಿತ್ತಂತೆ. ಆ ನಗುವಿನ ಸುದ್ದಿ ಕೇಳಿ ಶ್ರೀನಾಥನಿಗೆ ಮೈಯೆಲ್ಲ ಉರಿದುಹೋಯಿತು.

ಆಗ ಶುರುವಾಯಿತು ಈ ನಾಟಕ. ಕೂಟದ ಹಬ್ಬಕ್ಕೋ ಯಾರದೋ ಮನೆಯ ಊಟಕ್ಕೋ ಹೊರಟರೆ ದಾರಿಯುದ್ದಕ್ಕೂ ಇಂದುಮತಿ ಓಡಿಸುವುದು. ಎರಡು ತಿರುವು ಮುಂಚೆ ಕಾರು ನಿಲ್ಲಿಸಿ ಇಬ್ಬರೂ ಇಳಿದು ಸೀಟು ಬದಲಾಯಿಸುವುದು. ಶ್ರೀನಾಥ ಠೀವಿಯಿಂದ ಕಾರು ತಂದು ಎಲ್ಲರ ಮುಂದೆ ನಿಲ್ಲಿಸುವುದು. ಪೊಲೀಸರು ಹಿಡಿದರೆ ಏನು ಗತಿ ಎಂದು ಇಂದುಮತಿ ಕೇಳಿದಳು, ಬೇಡಿಕೊಂಡಳು, ಒಂದು ವಾರ ಮಾತೂ ಬಿಟ್ಟಳು. ಮುಂದಿನ ಪರೀಕ್ಷೆಯ ತನಕ ಮರ್ಯಾದೆ ಉಳಿಸು ಎಂದು ಅವನು ಅಂಗಲಾಚಿದ. ಹಿಂದಿನ ಸೀಟಿನಲ್ಲಿದ್ದ ಒಂಬತ್ತು ವರ್ಷದ ಮಗಳು ದಿಯಾಗೆ, ಇದನ್ನು ಯಾರಿಗೂ ಹೇಳಬಾರದೆಂದು ಹೇಳಿಕೊಟ್ಟದ್ದೂ ಅವನೇ.

ಫೆಬ್ರವರಿ ಕೊನೆಯಲ್ಲಿ ಮೂರೂ ಸಂಸಾರಗಳು ಬೆಟ್ಟಕ್ಕೆ ಹೊರಟವು. ಬೆಟ್ಟದ ಆಚೆ ಮಗ್ಗುಲಲ್ಲಿ ಮರದ ಮನೆಗಳನ್ನು ಬಾಡಿಗೆಗೆ ಹಿಡಿದಿದ್ದರು. ಬುಡದ ಹಳ್ಳಿಯ ಪೆಟ್ರೋಲ್ ಬಂಕಿನಲ್ಲಿ ಎಲ್ಲರೂ ಕೂಡುವುದೆಂದು ಮಾತಾಗಿತ್ತು. ಬಂಕಿಗೆ ಎರಡು ತಿರುವು ಮುಂಚೆ ಎಂದಿನಂತೆ ಸೀಟು ಬದಲಾಯಿತು. ಬಂಕು ದಾಟಿದ ಮೇಲೆ, ಬೇರೆಯವರ ಕಾರು ಮುಂದೆ ಹೋಗಲಿ ಎಂದು ನಿಂತು ಮತ್ತೆ ಬದಲಾಯಿಸಿದರಾಯಿತು ಎನ್ನುವುದು ಶ್ರೀನಾಥನ ಲೆಕ್ಕ.

ಕಾಫಿ ಕುಡಿದು ಹೊರಬರುವಷ್ಟರಲ್ಲಿ ಗಾಳಿ ಎದ್ದಿತ್ತು. ಬಂಕಿನಿಂದ ಹೊರಟು ಸಂದೀಪನ ಕಾರಿಗೆ ದಾರಿ ಬಿಡೋಣವೆಂದರೆ ಅವನು ಗುರುವನ್ನು ದಾಟುವವನಲ್ಲ, ಬಾಲದ ಹಾಗೆ ಹಿಂದೆಯೇ ಬಂದ. ಹಾಗೇ ಸ್ವಲ್ಪ ದೂರ ಹೋಗುವುದರೊಳಗೆ ರಸ್ತೆಗೆ ಅಡ್ಡವಾಗಿ ಗೇಟು. ಗಾಳಿಗೆ ಹಿಮ ಎದ್ದು ಮೇಲೆ ರಸ್ತೆಯೇ ಕಾಣದಂತಾದಾಗ ಇಲ್ಲಿ ಕಾರುಗಳನ್ನು ಒಂಟಿಯಾಗಿ ಬಿಡುವುದಿಲ್ಲ. ಹಿಮ ತಳ್ಳುವ ದೊಡ್ಡ ಗಾಡಿ ಮುಂದೆ, ಅದರ ಬೆನ್ನಿಗೆ ಸಾಲಾಗಿ ಕಾರುಗಳು. ಒಂದು ಸಲ ಹೊರಟಿತೆಂದರೆ ಆಚೆ ಗೇಟು ಬರುವ ತನಕ ಯಾರೂ ನಿಲ್ಲುವಂತಿಲ್ಲ, ತಿರುಗುವಂತಿಲ್ಲ.

ಹಳದಿ ಜಾಕೆಟ್ಟಿನ ಹೆಂಗಸೊಬ್ಬಳು ಪ್ರತಿ ಕಾರಿನ ಬಳಿಯೂ ಬಗ್ಗಿ ವಿಚಾರಿಸುತ್ತ ಬಂದಳು. ಪೆಟ್ರೋಲ್ ಇದೆಯೇ, ಬೆಚ್ಚನೆಯ ಬಟ್ಟೆ ಇದೆಯೇ, ಟೈರು ಯಾವುದು? ಮೊಳೆಯಿಲ್ಲದ್ದು ಎಂದ ಶ್ರೀನಾಥ. ಅವಳು ಚಕ್ರದ ಕಡೆ ಒಮ್ಮೆ ನೋಡಿ, ಹಾಗಾದರೆ ನೀವು ನನ್ನ ಗಾಡಿಯ ಹಿಂದೆಯೇ ಇರಬೇಕು, ಕಣ್ಣಿಗೆ ಬೀಳುವ ಹಾಗೆ, ಎಂದಳು. ಹಿಂದಿನ ಎರಡು ಕಾರುಗಳದ್ದೂ ಅದೇ ಟೈರು, ಗುರುಕೃಪೆ. ಅವನ್ನೂ ಮುಂದಕ್ಕೆ ಕರೆಸಿದಳು. ಏನೇ ಆದರೂ ಕಾರಿನ ಬಾಗಿಲು ತೆಗೆದು ಇಳಿಯಬೇಡಿ, ಮೇಲಿನ ಗಾಳಿ ಬಾಗಿಲನ್ನೇ ಕಿತ್ತೊಯ್ಯುತ್ತದೆ, ಎಂದು ಹೇಳಿ ಹೋದಳು.

ಇಂದುಮತಿ ಸಣ್ಣ ದನಿಯಲ್ಲಿ, “ರೀ, ಈಗಲಾದ್ರೂ ಈ ಕಡೆ ಬನ್ನಿ. ಇದು ಆಟ ಅಲ್ಲ,” ಎಂದಳು.

ಶ್ರೀನಾಥ ಕನ್ನಡಿಯಲ್ಲಿ ನೋಡಿದ. ಹಿಂದಿನ ಕಾರಿನಲ್ಲಿ ಸಂದೀಪ್ ನಗುತ್ತ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಆರತಿ, ಅವರಿಬ್ಬರ ನಡುವೆ ತಲೆ ತೂರಿಸಿದ ಪುಟ್ಟ ಮಗ ಮಯಾಂಕ್. ಇಳಿದು ಈ ಕಡೆಯಿಂದ ಆ ಕಡೆಗೆ ಹೋಗುವುದಕ್ಕೆ ಹತ್ತು ಹೆಜ್ಜೆ ಸಾಕಿತ್ತು. ಶ್ರೀನಾಥನ ಕೈ ಬಾಗಿಲಿನ ಹಿಡಿಯ ತನಕ ಹೋಯಿತು. ಅಷ್ಟರಲ್ಲಿ ಗೇಟು ಮೇಲೆದ್ದಿತು, ಮುಂದಿನ ಗಾಡಿ ಹೊರಟಿತು, ಅವನು ಗೇರು ಹಾಕಿದ.

ಅಲ್ಲಿಂದ ಮುಂದೆ ಅವನು ಬೋನಿಗೆ ಬಿದ್ದ ಹಾಗೆಯೇ. ಎಡಕ್ಕೆ ಹಿಮದ ಗೋಡೆ, ಬಲಕ್ಕೆ ಹಿಮದ ಗೋಡೆ, ಹಿಂದೆ ಸಂದೀಪನ ದೀಪ, ಮುಂದೆ ಗಾಡಿಯ ತಲೆಯ ಮೇಲೆ ಗಿರಗಿರ ತಿರುಗುವ ಹಳದಿ ದೀಪ. ಆ ದೀಪ ತಪ್ಪಿದರೆ ರಸ್ತೆಯೂ ಇಲ್ಲ, ಆಕಾಶವೂ ಇಲ್ಲ. ಬೆಂಗಳೂರಿನಲ್ಲಾದರೆ ಎಲ್ಲಿ ಬೇಕಾದರೂ ಪಕ್ಕಕ್ಕೆ ಹಾಕಿ ಒಂದು ಟೀ ಕುಡಿಯಬಹುದಿತ್ತು. ಇಲ್ಲಿ ಪಕ್ಕ ಎನ್ನುವುದೇ ಇರಲಿಲ್ಲ. ಹೀಟರ್ ಬಿಸಿಗೆ ಜಾಕೆಟ್ಟಿನೊಳಗೆ ಬೆವರು ಹರಿಯುತ್ತಿತ್ತು, ಅದನ್ನು ಬಿಚ್ಚುವುದಕ್ಕೂ ಸ್ಟೀರಿಂಗಿನಿಂದ ಕೈ ತೆಗೆಯುವ ಧೈರ್ಯವಿಲ್ಲ. ಟೈರಿನ ಸದ್ದು ಮಾತ್ರ ಒಂಚೂರೂ ಇರಲಿಲ್ಲ. ಅದಕ್ಕೇ ತಾನೇ ಅವನು ಅದನ್ನು ಆರಿಸಿದ್ದು. ಈಗ ಚಕ್ರ ನೆಲ ಹಿಡಿದಿದೆಯೋ ಬಿಟ್ಟಿದೆಯೋ ಎಂದು ಕಿವಿಗೂ ಗೊತ್ತಾಗುತ್ತಿರಲಿಲ್ಲ.

ಹಿಂದಿನಿಂದ ದಿಯಾ ಸ್ವೀಡಿಶ್‌ನಲ್ಲಿ, ಅಮ್ಮ ಓಡಿಸಲಿ, ಎಂದಳು.

ಏರು ಕಡಿದಾಗಿ ಬಲಕ್ಕೆ ತಿರುಗುವ ಕಡೆ ಕಾರು ಸ್ವಲ್ಪ ತಡವರಿಸಿತು. ಶ್ರೀನಾಥ ಗಾಬರಿಬಿದ್ದು ಆಕ್ಸಿಲರೇಟರ್ ಒತ್ತಿದ. ಕೆಸರಿನಲ್ಲಿ ಸಿಕ್ಕಿದ ಕಾರಿಗೆ ಅವನು ಜೀವಮಾನವಿಡೀ ಮಾಡಿದ್ದು ಅದನ್ನೇ. ಚಕ್ರಗಳು ರುಯ್ಯನೆ ಸುತ್ತಿದವು, ಮೂತಿ ಪಕ್ಕಕ್ಕೆ ಹೊರಳಿತು, ಕಾರು ನಿಂತುಬಿಟ್ಟಿತು. ಇನ್ನೂ ಒತ್ತಿದ. ಸುತ್ತಿ ಸುತ್ತಿ ಅಡಿಯ ಹಿಮವೆಲ್ಲ ಗಾಜಿನಂತಾಯಿತು. ಮುಂದಿನ ಹಳದಿ ದೀಪ ಮಸುಕಾಗುತ್ತ ಹೋಗಿ ಮಾಯವಾಯಿತು. ನಾಲ್ಕೂ ಗಾಜಿನ ಹೊರಗೆ ಬರೀ ಬಿಳಿ. ಗಾಳಿ ಕಾರನ್ನು ಹಿಡಿದು ಅಲ್ಲಾಡಿಸತೊಡಗಿತು. ಹಿಂದೆ ಸಂದೀಪ್, ಅವನ ಹಿಂದೆ ವೆಂಕಟರಮಣ ಮತ್ತು ಅವರ ಹೆಂಡತಿ ಪಾರ್ವತಿ, ಅವರ ಹಿಂದೆ ಇನ್ನೆಷ್ಟೋ ಜನ, ಎಲ್ಲರೂ ತನ್ನಿಂದಾಗಿ ಈ ಬಿಳಿಯೊಳಗೆ ಹೂತು ನಿಂತಿದ್ದಾರೆ ಎನ್ನುವುದು ಹೊಳೆದು ಅವನ ಕೈಕಾಲೇ ಆಡದಾಯಿತು. ಈ ಮಗುವನ್ನು ಇಲ್ಲಿಗೆ ತಂದು ಸಾಯಿಸುತ್ತಿದ್ದೇನೆ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು.

“ಕಾಲು ತೆಗೀರಿ,” ಎಂದಳು ಇಂದುಮತಿ. “ಹಿಂದಕ್ಕೆ ಹೋಗಿ. ದಿಯಾ ಪಕ್ಕ.”

ಬಾಗಿಲು ತೆಗೆಯುವಂತಿಲ್ಲ. ದಪ್ಪ ಜಾಕೆಟ್ಟಿನ ಮೈಯನ್ನು ಎರಡು ಸೀಟುಗಳ ಸಂದಿಯಲ್ಲಿ ತೂರಿಸಿಕೊಂಡು ಶ್ರೀನಾಥ ಹಿಂದಕ್ಕೆ ತೆವಳಿದ. ಬೂಟು ಹ್ಯಾಂಡ್‌ಬ್ರೇಕಿಗೆ ಸಿಕ್ಕಿಕೊಂಡು, ಮೊಣಕೈ ಚಕ್ಕುಲಿ ಡಬ್ಬಿಗೆ ಬಡಿದು, ತಲೆ ಕೆಳಗಾಗಿ ಬಿದ್ದ. ನಕ್ಕುಬಿಡುವಂಥ ದೃಶ್ಯ, ಆದರೆ ನಗುವವರಿರಲಿಲ್ಲ. ಇಂದುಮತಿ ಗೇರು ದಾಟಿ ಆ ಕಡೆ ಕೂತು ಸೀಟನ್ನು ತನ್ನಳತೆಗೆ ಎಳೆದುಕೊಂಡಳು. ದಿಯಾ ಅಪ್ಪನ ಬೆಲ್ಟನ್ನು ತಾನೇ ಎಳೆದು ಸಿಕ್ಕಿಸಿದಳು.

ಇಂದುಮತಿ ಆತುರಪಡಲಿಲ್ಲ. ಸ್ಟೀರಿಂಗ್ ನೇರ ಮಾಡಿದಳು, ಕಾರನ್ನು ಒಂದು ಗೇಣಿನಷ್ಟು ಹಿಂದಕ್ಕೆ ಜಾರಲು ಬಿಟ್ಟು ಹೊಸ ಹಿಮದ ಮೇಲೆ ಚಕ್ರ ಕೂರಿಸಿದಳು, ಎರಡನೇ ಗೇರಿನಲ್ಲಿ ಕ್ಲಚ್ಚನ್ನು ಬಲು ನಿಧಾನವಾಗಿ ಬಿಟ್ಟಳು. ಚಕ್ರ ಒಮ್ಮೆ ಜಾರಿತು. ಅವಳು ಕಾಲು ತೆಗೆದು, ಸುಮ್ಮನೆ ಕೂತು, ಮತ್ತೆ ಬಿಟ್ಟಳು. ಮೂರನೇ ಸಲಕ್ಕೆ ಕಾರು ಮುಲುಗುತ್ತ ಮೇಲಕ್ಕೆ ಸರಿಯಿತು. ತಿರುವಿನ ಆಚೆ ಹಳದಿ ದೀಪ ಇವರಿಗಾಗಿ ನಿಂತು ಕಾಯುತ್ತಿತ್ತು. ಇಳಿಜಾರಿನ ಉದ್ದಕ್ಕೂ ಶ್ರೀನಾಥ ಹೆಂಡತಿಯ ಜಡೆಯನ್ನೇ ನೋಡುತ್ತ ಕೂತಿದ್ದ. ಕೆಳಗಿನ ಗೇಟು ದಾಟಿದ ಮೇಲಷ್ಟೇ ಅವಳು ಸ್ಟೀರಿಂಗಿನಿಂದ ಒಂದು ಕೈ ತೆಗೆದು ಹಣೆಯ ಬೆವರು ಒರೆಸಿಕೊಂಡಳು.

ಮರದ ಮನೆಗಳಿಗೆ ಎರಡು ತಿರುವು ಇದೆ, ಸಂದೀಪನ ಕಾರು ಇನ್ನೂ ಕಣ್ಣಿಗೆ ಬೀಳದಷ್ಟು ಹಿಂದಿದೆ ಎನ್ನುವಾಗ ಅವನ ಬಾಯಿಂದ ಆ ಮಾತು ಹೊರಟೇ ಹೋಯಿತು. “ಇಂದು, ಇಲ್ಲಿ ಒಂಚೂರು ನಿಲ್ಸು. ಹಿಂದಿನ ಗಾಜೆಲ್ಲ ಹಿಮ. ಮೇಲೆ ಅವ್ರಿಗೆ ಏನೂ ಕಂಡಿಲ್ಲ.”

ಇಂದುಮತಿ ನಿಲ್ಲಿಸಿದಳು. ಬೈಯುತ್ತಾಳೆಂದುಕೊಂಡ, ಬೈಯಲಿಲ್ಲ. ಸುಮ್ಮನೆ ಇಳಿದು, ಕಾರನ್ನು ಬಳಸಿ ಬಂದು, ಪಕ್ಕದ ಸೀಟಿನಲ್ಲಿ ಕೂತಳು. ಅವನು ಇಳಿದು ಮುಂದಕ್ಕೆ ಹೋದ. ದಿಯಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಒಳಗಿದ್ದ ಮೂವರಲ್ಲಿ ಯಾರಿಗೂ ಇನ್ನೊಬ್ಬರ ಮುಖ ನೋಡಲಾಗಲಿಲ್ಲ.

ಮನೆಗಳ ಮುಂದೆ ಮೂರೂ ಕಾರುಗಳು ಒಂದರ ಹಿಂದೊಂದು ಬಂದು ನಿಂತವು. ಸಂದೀಪ್ ಓಡಿಬಂದು ಶ್ರೀನಾಥನನ್ನು ಅಪ್ಪಿಕೊಂಡೇಬಿಟ್ಟ. ಮೇಲೆ ಕಾರು ನಿಂತಾಗ ತನ್ನ ಜೀವವೇ ಬಾಯಿಗೆ ಬಂದಿತ್ತೆಂದೂ, ಅಂಥ ಏರಿನಲ್ಲಿ ಸಿಕ್ಕಿಕೊಂಡ ಕಾರನ್ನು ಹೂವೆತ್ತಿದ ಹಾಗೆ ಎತ್ತಿಕೊಂಡು ಹೊರಟದ್ದನ್ನು ಕಂಡು ತಾನೂ ಹಾಗೇ ಮಾಡಿ ಪಾರಾದೆನೆಂದೂ ಹೇಳಿದ. ವೆಂಕಟರಮಣ ಬೆನ್ನು ತಟ್ಟಿದರು. ಶ್ರೀನಾಥ ಹಲ್ಲು ಬಿಟ್ಟ. ಆ ನಗು ಅವನ ಮುಖದ ಮೇಲೆ ಯಾರೋ ಅಂಟಿಸಿದಂತಿತ್ತು, ತೆಗೆಯಲು ಬರಲಿಲ್ಲ.

“ಗುರುಗಳೇ, ಒಂದು ಉಪಕಾರ,” ಎಂದ ಸಂದೀಪ್. “ನಾಳೆ ಸ್ಕೀಯಿಂಗ್‌ಗೆ ಅದೇ ರಸ್ತೇಲಿ ಮೇಲಕ್ಕೆ ಹೋಗ್ಬೇಕಲ್ಲ, ಮಯಾಂಕ್ ನಿಮ್ ಕಾರಲ್ಲಿ ಬರ್ಲಿ. ನೀವು ಓಡ್ಸಿದ್ರೆ ನಮಗೆ ಯೋಚ್ನೆ ಇರಲ್ಲ.”

ಆರತಿಯೂ ಹೌದೆಂದು ತಲೆಯಾಡಿಸಿದಳು. ಮಯಾಂಕ್ ಇನ್ನು ಕಾಯಲೇ ಇಲ್ಲ. ಕಾರಿನ ಹಿಂದಿನ ಬಾಗಿಲು ತೆಗೆದು, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ಹಾಗೆ, ದಿಯಾಳ ಪಕ್ಕ ತನ್ನ ಉಣ್ಣೆಯ ಟೋಪಿ ಇಟ್ಟ. ಶ್ರೀನಾಥನ ಬೂಟಿನಿಂದ ಕರಗಿದ ನೀರು ಆ ಸೀಟಿನ ಕೆಳಗೆ ಇನ್ನೂ ಒಣಗಿರಲಿಲ್ಲ.

ಶ್ರೀನಾಥ ಹೆಂಡತಿಯ ಕಡೆ ನೋಡಿದ. ಪ್ರತಿ ಸಲವೂ ಇಂಥ ಕಡೆ ಅವಳೇ ಏನಾದರೂ ಮಾತು ತೇಲಿಸಿ ಅವನನ್ನು ಉಳಿಸುತ್ತಿದ್ದಳು. ಇಂದುಮತಿ ಡಿಕ್ಕಿಯಿಂದ ಅಕ್ಕಿಯ ಚೀಲ ಇಳಿಸುತ್ತಿದ್ದಳು. ಕೇಳಿಸಿತ್ತು, ಆದರೆ ತಿರುಗಲಿಲ್ಲ. ಅವನಿಗೆ ಆ ಬಿಳಿ ತಿರುವು ನೆನಪಾಯಿತು, ಹಿಂದಿನ ಸೀಟಿನಲ್ಲಿ ಈಗ ಇಬ್ಬರು ಮಕ್ಕಳು ಕಂಡರು.

“ಇಲ್ಲ ಸಂದೀಪ್,” ಎಂದ. “ನಂಗೆ ಇಲ್ಲಿ ಲೈಸೆನ್ಸೇ ಇಲ್ಲ. ಎರಡು ಸಲ ಫೇಲಾದೆ. ಸೋಲ್ನಾದಿಂದ ಓಡಿಸ್ಕೊಂಡು ಬಂದಿದ್ದು ಇಂದು. ಅಲ್ಲಿ ಮೇಲೆ ಕಾರು ಸಿಗಿಸಿದ್ದು ನಾನು, ಬಿಡಿಸಿದ್ದು ಅವಳು.”

ಬೈದಿದ್ದರೆ, ನಕ್ಕಿದ್ದರೆ ಎಷ್ಟೋ ವಾಸಿ ಇತ್ತು. ವೆಂಕಟರಮಣರ ದೃಷ್ಟಿ ನಿಧಾನವಾಗಿ ತಮ್ಮ ಕಾರಿನ ಚಕ್ರದ ಮೇಲೆ ಇಳಿಯಿತು. ಆರತಿಯೂ ತಮ್ಮ ಕಾರಿನ ಚಕ್ರ ನೋಡಿದಳು. ಎಲ್ಲರ ಕಾರಿನಲ್ಲೂ ಅವನು ಹೇಳಿದ ಟೈರೇ.

ಸಂದೀಪ್ ಶ್ರೀನಾಥನನ್ನು ದಾಟಿ ಡಿಕ್ಕಿಯ ಬಳಿಗೆ ಹೋಗಿ ಅಕ್ಕಿಯ ಚೀಲಕ್ಕೆ ಕೈ ಕೊಟ್ಟ.

“ಅತ್ತಿಗೆ, ನೀವು ಹೇಳಿ,” ಎಂದ. “ಈ ಟೈರು ಹೇಗೆ?”

ಶ್ರೀನಾಥ ಬೇರು ಬಿಟ್ಟವನಂತೆ ಅಲ್ಲೇ ನಿಂತಿದ್ದ. ಅಷ್ಟು ತಿಂಗಳು ಓದಿ, ಅಷ್ಟು ಜನರ ಅಭಿಪ್ರಾಯ ಕಲೆಹಾಕಿ, ಮನೆಯಲ್ಲಿ ಕಾರು ಓಡಿಸುವವಳನ್ನು ತಾನು ಈ ಒಂದು ಮಾತು ಕೇಳಿರಲಿಲ್ಲ ಎನ್ನುವುದು ಅವನಿಗೆ ಆಗ ಹೊಳೆಯಿತು.

“ಊರೊಳಗೆ ಸಾಕು,” ಎಂದಳು ಇಂದುಮತಿ. “ಬೆಟ್ಟಕ್ಕೆ ಆಗಲ್ಲ. ಗಾಳಿ ನಿಲ್ಲೋ ತನಕ ನಾಳೆ ಯಾರೂ ಮೇಲಕ್ಕೆ ಹೋಗೋದು ಬೇಡ. ನಿಂತ ಮೇಲೆ ಮಕ್ಕಳನ್ನ ನಾನು ಕರ್ಕೊಂಡು ಹೋಗ್ತೀನಿ.”

ಆಮೇಲೆ ಗಂಡನ ಮುಂದೆ ಬಂದು ನಿಂತು, ಕೈ ಚಾಚಿದಳು. ಶ್ರೀನಾಥ ಜೇಬಿನಿಂದ ಕೀ ತೆಗೆದು ಕೊಟ್ಟ.