ಡಿ ಒತ್ತಿದ ಮೇಲೆ

ಗಂಡನ ಆಫೀಸಿನ ಗೆಳೆಯ ಎಂಟರ್ ಒತ್ತಿದ. ಕಪ್ಪು ಪರದೆಯ ಮೇಲೆ ಏನೂ ಮೂಡಲಿಲ್ಲ. ಮತ್ತೆ ಹುಡುಕಿದ. ಫೋಟೋಗಳ ಫೋಲ್ಡರೇ ಇಲ್ಲ. ಅವನ ಮುಖ ಬಿಳಿಚಿಕೊಂಡಿತು.

"ಏನಾಯ್ತಪ್ಪಾ?" ಎಂದಳು ಹೆಂಡತಿ.

"ಡಿ ಒತ್ತಿ ಫೋಲ್ಡರ್ ಹೆಸರು ಕೊಟ್ಟೆ ಅಕ್ಕಾ. ನನ್ನ ಕಂಪ್ಯೂಟರಲ್ಲಾದ್ರೆ ಒಳಗಿರೋದನ್ನ ತೋರಿಸುತ್ತೆ. ಸರ್ ಕಂಪ್ಯೂಟರಲ್ಲಿ... ಅಳಿಸಿಬಿಡ್ತು."

"ಒಂದೇ ಡಿ, ಅಲ್ಲೊಂದು ಇಲ್ಲೊಂದು ಮಾಡುತ್ತಾ?"

"ನಾವೆಲ್ಲ ನಮ್ಮ ನಮ್ಮ ಕೈಗೆ ಒಗ್ಗೋ ಹಾಗೆ ಸೆಟ್ಟಿಂಗ್ ಬರ್ಕೊಂಡಿರ್ತೀವಿ. ಅಭ್ಯಾಸದ ಮೇಲೆ ಬೆರಳು ಹೋಗ್ಬಿಡ್ತು."

ಅವಳಿಗೆ ತಲೆಬುಡ ತಿಳಿಯಲಿಲ್ಲ. ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಗಂಡ ನಡುಮನೆಯಲ್ಲಿ ಉಸಿರಿಲ್ಲದೆ ಮಲಗಿದ್ದ. ತಲೆಯ ಬಳಿ ಇಡಲು ಒಂದು ಫೋಟೋ ಬೇಕಿತ್ತು. ಗುರುತಿನ ಚೀಟಿಯಲ್ಲಿದ್ದದ್ದು ಕಳ್ಳನ ಹಾಗಿತ್ತು. ಉಳಿದೆಲ್ಲ ಕಡೆ ಕ್ಯಾಮೆರಾ ಹಿಡಿದವನು ಅವನೇ. ಇವತ್ತು ಕಳೆದರೆ ಆ ಮುಖ ಇನ್ನೆಲ್ಲಿ ಸಿಕ್ಕೀತು ಎಂದು ಅವಳಿಗೆ ಭಯವಾಯಿತು.

* * *

ಹಿಂದೊಂದು ರಜಾದಿನ ಅವಳು ತಲೆಗೆ ಬಣ್ಣ ಹಚ್ಚಿಕೊಂಡು, ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಕೂತಿದ್ದಳು. ಅವನು ಹಿಂದಿನಿಂದ ಬಂದು, ಕೆನ್ನೆಗೆ ಕೆನ್ನೆ ಒತ್ತಿ, ಮೊಬೈಲು ಚಾಚಿ ಕ್ಲಿಕ್ಕಿಸಿದ್ದ.

"ಅಳಿಸಿ ರೀ. ನನ್ನ ಕಣ್ಣೆದುರಿಗೇ ಅಳಿಸಿ. ನಿಮ್ಮ ಕಂಪ್ಯೂಟರಲ್ಲೂ ಇರಬಾರದು!"

ಅವಳನ್ನು ಇದೇ ಕುರ್ಚಿಯಲ್ಲಿ ಕೂರಿಸಿ ಅವನು ಡಿ ಒತ್ತಿದ್ದ.

"ಹೋಯ್ತು ಮಾರಾಯ್ತಿ. ಸಮಾಧಾನವಾಯ್ತಾ?"

ಹರಿದ ಚಪ್ಪಲಿಯನ್ನೂ ಎಸೆಯದ ಗಂಡ ಮಾತು ಕೇಳಿದನಲ್ಲ ಎಂದು ಅವಳು ಬೀಗಿದ್ದಳು.

* * *

"ಸಿಕ್ತು!" ಗೆಳೆಯ ಕೂಗಿದ. ನಡುಮನೆಯಲ್ಲಿದ್ದವರೆಲ್ಲ ತಿರುಗಿದರು. ಅವನು ದನಿ ತಗ್ಗಿಸಿದ. "ಸೆಟ್ಟಿಂಗ್ ತೆರೆದು ನೋಡ್ದೆ. ಇವರ ಡಿ ಅಳಿಸೋದೇ ಇಲ್ಲ ಅಕ್ಕಾ. 'ಇರಲಿ' ಅನ್ನೋ ಫೋಲ್ಡರಿಗೆ ಸಾಗಿಸುತ್ತೆ. ಹೆಸರಿನ ಮುಂದೆ ಚುಕ್ಕಿ ಇಟ್ಟಿದ್ದಾರೆ. ಚುಕ್ಕಿ ಇಟ್ರೆ ಕಣ್ಣಿಗೆ ಬೀಳಲ್ಲ."

ಫೋಟೋಗಳು ಒಂದೊಂದಾಗಿ ಬಂದವು. ಬಾಗಿಲಲ್ಲಿ ಅವಳು, ಬಸ್ಸಿನಲ್ಲಿ ಅವಳು, ಆಕಳಿಸುತ್ತಿರುವ ಅವಳು. ಅವನು ಎಲ್ಲೂ ಇಲ್ಲ. ಆಮೇಲೆ ಪ್ಲಾಸ್ಟಿಕ್ ಕವರಿನ ಫೋಟೋ ಬಂತು.

ಅವಳು ಎದ್ದು ನಡುಮನೆಗೆ ಹೋದಳು. "ಹೋಯ್ತು ಅಂದಿದ್ರಲ್ಲ ರೀ," ಎಂದು ಗಂಡನನ್ನು ಗದರಿದಳು. ಸಿಟ್ಟೋ ಸಂತೋಷವೋ ಅವಳಿಗೇ ಗೊತ್ತಾಗಲಿಲ್ಲ. ಅಳು ಮಾತ್ರ ಬಂತು.

ನಾದಿನಿ ಹತ್ತಿರ ಬಂದಳು. "ಅತ್ತಿಗೆ, ಇದನ್ನ ಇಡೋದಾ? ನೋಡಿದೋರು ಏನಂದ್ಕೋತಾರೆ? ನಿಮ್ಮನ್ನ ಕತ್ತರಿಸಿ ಅಣ್ಣನ್ನ ಮಾತ್ರ ಇಡೋಣ."

"ಬೇಡ," ಎಂದಳು. "ಇರಲಿ."

ಪ್ರಿಂಟು ಬಂತು. ಸಂತಾಪಕ್ಕೆ ಬಂದ ಪಕ್ಕದ ಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡೇ ಒಳಗೆ ಕಾಲಿಟ್ಟವಳು, ಗಕ್ಕನೆ ನಿಂತಳು. ಸತ್ತವನ ತಲೆಯ ಬಳಿಯ ಫೋಟೋದಲ್ಲಿ, ಕವರು ಕಟ್ಟಿಕೊಂಡ ಹೆಂಡತಿ ಕಣ್ಣು ಕೆಕ್ಕರಿಸಿದ್ದಳು. ಅವಳ ಕೆನ್ನೆಗೆ ಅಂಟಿಕೊಂಡು, ಕಿವಿಗೆ ಒಂದಿಷ್ಟು ಕಪ್ಪು ಬಣ್ಣ ಮೆತ್ತಿಕೊಂಡು, ಅವನು ನಗುತ್ತಿದ್ದ.